ಚಾಕ್ಕೆ ಕರೆದ ಸಾಕ್ಷಿ

ದಾನಮ್ಮನ ಬಲ ಮೊಣಕೈ ಈಗ ಮಡಚುವುದಿಲ್ಲ. ಕೈಮಗ್ಗದಲ್ಲಿ ಲಾಳಿಯ ಹಗ್ಗ ಜಗ್ಗುತ್ತಿದ್ದ ಕೈ ಅದು. ಹೋದ ವರ್ಷ ಬನಹಟ್ಟಿಯ ಹೊರಗೆ, ನಾಲ್ಕು ರಸ್ತೆ ಸೇರುವ ಕೂಟಿನಲ್ಲಿ, ರಬಕವಿಯ ಅರಿವೆ ವ್ಯಾಪಾರಿ ಈಶ್ವರನ ಕಾರು ಅವಳ ಸ್ಕೂಟಿಗೆ ಬಡಿದಿತ್ತು. ತಪ್ಪು ಕಾರಿನದು ಎಂದಾದರೆ ವಿಮಾ ಕಂಪನಿಯ ಪರಿಹಾರ. ತನ್ನದೇ ಎಂದಾದರೆ ಮಗ್ಗವೂ ಇಲ್ಲ, ಪರಿಹಾರವೂ ಇಲ್ಲ. ಹಾಗಾಗಿ ಜಮಖಂಡಿಯ ಕೋರ್ಟು.

ಕಣ್ಣಾರೆ ಕಂಡವನು ಒಬ್ಬನೇ: ಆ ಕೂಟಿನ ಚಾದಂಗಡಿಯ ಸಾತಪ್ಪ. ಎಪ್ಪತ್ತರ ಮುದುಕ, ಊರಿಗೆಲ್ಲ ಕಾಕಾ. ಆ ಕೂಟಿನಲ್ಲಿ ಸಿಗ್ನಲ್ ಇಲ್ಲ, ಸಾತಪ್ಪ ಇದ್ದಾನೆ. ಪರಿಚಯದ ಮುಖ ಕಂಡರೆ ಸಾಕು, ಕೈಯೆತ್ತಿ ಚಾಕ್ಕೆ ಕರೆಯುತ್ತಾನೆ. ಕರೆದಾಗ ಸುಮ್ಮನೆ ಹೋಗುವುದು ಈ ಕಡೆ ಮರ್ಯಾದೆಯಲ್ಲ.

ಕಟಕಟೆಗೆ ಬಂದ ಅವನನ್ನು ದಾನಮ್ಮನ ವಕೀಲೆ ಉಜ್ವಲಾ ಕೇಳಿದಳು. “ಕಾರ ಜೋರ ಬಂತಲ್ರೀ, ಅಜ್ಜಾರ?”

“ಜೋರ ಅಂದ್ರ ಜೋರ್ರಿ.”

ಉಜ್ವಲಾ ತೃಪ್ತಿಯಿಂದ ಕೂತಳು. ವಿಮಾ ಕಂಪನಿಯ ವಕೀಲ ಸುಭಾಷ್ ಎದ್ದ.

“ಸ್ಕೂಟಿ ನೆಟ್ಟಗ ಹೊಂಟಿತ್ತೋ, ತಿರುಗಿತೋ?”

“ತಿರುಗಿತ್ರಿ. ನಾನ ಕರದಿದ್ನಲ್ರೀ, ಚಾ ಕುಡಿಯಾಕ.”

ಉಜ್ವಲಾಳ ಕೈಯಲ್ಲಿದ್ದ ಫೈಲು ಜಾರಿತು. ದಾನಮ್ಮ ತಲೆ ತಗ್ಗಿಸಿದಳು. ಈ ಮಾತನ್ನು ಅವಳನ್ನು ಯಾರೂ ಕೇಳಿರಲಿಲ್ಲ, ತಾನಾಗಿ ಅವಳೂ ಹೇಳಿರಲಿಲ್ಲ. ತಪ್ಪೆಲ್ಲ ತನ್ನದೇ ಎಂದು ವರ್ಷವಿಡೀ ಒಳಗೇ ನುಂಗಿಕೊಂಡಿದ್ದಳು.

ನ್ಯಾಯಾಧೀಶರು ಮೈಸೂರು ಕಡೆಯಿಂದ ವರ್ಗವಾಗಿ ಬಂದು ಆರು ತಿಂಗಳಾಗಿತ್ತು. “ನಡುರಸ್ತೆಯಲ್ಲಿ ಹೋಗುತ್ತಿರುವವರನ್ನು ಕರೆದಿರಾ?”

“ನಡುರಸ್ತ್ಯಾಗ ಇದ್ದಾಗನ ಕರೀಬೇಕ್ರಿ ಸಾಹೇಬ್ರ. ದಾಟಿ ಹ್ವಾದ ಮ್ಯಾಲ ಕರದ್ರ ಕೇಳತೈತೇನ್ರಿ?”

“ಹಿಂದ ಮುಂದ ನೋಡದ ತಿರುಗಿದ್ಲು, ಹೌದಲ್ಲೋ?” ಎಂದ ಸುಭಾಷ್.

“ಕರದ್ರ ಬರತಾಳ್ರಿ. ಛಲೋ ಮನಿತನದಾಕಿ.”

ಇಲ್ಲಿಗೆ ಸುಭಾಷ್ ಕೂತಿದ್ದರೆ ದಾನಮ್ಮನ ಕಥೆ ಮುಗಿಯುತ್ತಿತ್ತು. ಆದರೆ ಗೆಲ್ಲುತ್ತಿರುವ ವಕೀಲನಿಗೆ ಇನ್ನೊಂದು ಪ್ರಶ್ನೆ ಯಾವಾಗಲೂ ಉಳಿದಿರುತ್ತದೆ.

“ಮತ್ತ ಈಶ್ವರ ಅವರು ತಮ್ಮ ಪಾಡಿಗೆ ತಾವು ಹೊಂಟಿದ್ರು?”

“ಹೊಂಟಿದ್ನರಿ. ಅವಗೂ ಕರದ್ನಿ. ಹೊಳ್ಳಿ ಸೈತ ನೋಡಲಿಲ್ಲ. ಕಾರ ಬಂದ ಮ್ಯಾಲ ಹಂಗ ಆಕ್ಕೈತ್ರಿ ಮಂದಿ.”

ಹಿಂದಿನ ಬೆಂಚಿನಿಂದ ಈಶ್ವರ ಧಡಕ್ಕನೆ ಎದ್ದ. ಮುಖ ಕೆಂಪಾಗಿತ್ತು.

“ಸುಳ್ಳ ಹೇಳಬ್ಯಾಡ ಕಾಕಾ! ಮಂದಿ ಮುಂದ ನನ್ನ ಮಾನ ಕಳೀತಿ ಏನ? ನಿನ್ನ ಕಡೆ ಪೂರಾ ಹೊಳ್ಳಿ ಕೈ ಮುಗದಿಲ್ಲ ನಾ?”

“ಕುಂದರ್ರೀ,” ಎಂದ ಸುಭಾಷ್.

“ಯಾಕ ಕುಂದರ್ಲಿ? ಒಂದ ಕೈಲೆ ಅಲ್ರೀ, ಎರಡೂ ಕೈಲೆ ಮುಗದೇನಿ!” ತೋರಿಸಲೆಂದು ಎರಡೂ ಕೈ ಎತ್ತಿ ಜೋಡಿಸಿದ.

ಬೆರಳಚ್ಚಿನವಳು ಕೂಡ ಕೈ ನಿಲ್ಲಿಸಿ ಬಾಯಿ ತೆರೆದು ನೋಡುತ್ತಿದ್ದಳು.

“ಆಗ ಸ್ಟೀರಿಂಗ್ ಯಾರು ಹಿಡಿದಿದ್ದರು?” ನ್ಯಾಯಾಧೀಶರು ಮೆಲ್ಲಗೆ ಕೇಳಿದರು.

ಈಶ್ವರ ಇನ್ನೂ ಜೋಡಿಸಿಯೇ ಇದ್ದ ತನ್ನ ಕೈಗಳನ್ನು ನೋಡಿಕೊಂಡ, ಯಾರದೋ ಕೈ ನೋಡಿದಂತೆ.

“ಯಾರೂ ಇಲ್ರಿ,” ಎಂದ.

ದಾನಮ್ಮ ತಲೆಯೆತ್ತಿದಳು. ಆ ಜೋಡಿಸಿದ ಕೈಗಳಿಂದ ಅವಳು ಕಣ್ಣು ಕೀಳಲಿಲ್ಲ. ಬಂದದ್ದು ಅಳುವೋ ನಗುವೋ, ಪಕ್ಕದಲ್ಲಿದ್ದ ಉಜ್ವಲಾಳಿಗೂ ತಿಳಿಯಲಿಲ್ಲ.

ಈಶ್ವರನನ್ನು ಕಟಕಟೆಗೆ ಹತ್ತಿಸಿ, ಪ್ರಮಾಣ ಮಾಡಿಸಿ, ಅದೇ ಮಾತನ್ನು ಬರೆದುಕೊಂಡರು. ತಿಂಗಳ ಮೇಲೆ ಆದೇಶ ಬಂತು: ತಪ್ಪಿನಲ್ಲಿ ಮುಕ್ಕಾಲು ಪಾಲು ಕಾರಿನದು, ನೋಡದೆ ತಿರುಗಿದ್ದಕ್ಕೆ ಕಾಲು ಪಾಲು ದಾನಮ್ಮನದು. ಚಾಕ್ಕೆ ಕರೆದವನ ಪಾಲು ಎಷ್ಟೆಂದು ಕಾಯ್ದೆಯಲ್ಲಿ ಬರೆದಿಲ್ಲ.

ಆದೇಶ ಕೇಳಿ ದಾನಮ್ಮ, ಈಶ್ವರ ಹೊರಬಂದಾಗ ಸಾತಪ್ಪ ಆಗಲೇ ರಸ್ತೆಯ ಆಚೆ, ಹೋಟೆಲ್ಲಿನ ಮೆಟ್ಟಿಲ ಮೇಲೆ ನಿಂತಿದ್ದ. ಇಬ್ಬರನ್ನೂ ಕಂಡದ್ದೇ ಅವನ ಕೈ ತಾನಾಗಿ ಮೇಲೆದ್ದಿತು.

ಈಶ್ವರ ಎರಡೂ ಕೈ ಕಿಸೆಗೆ ತುರುಕಿದ.

ದಾನಮ್ಮ ನಿಂತಲ್ಲಿಂದ ಕದಲಲಿಲ್ಲ. ಎರಡು ಟ್ರೇಲರ್ ಕಬ್ಬು ಹೇರಿದ ಟ್ರ್ಯಾಕ್ಟರೊಂದು ನಡುವೆ ಹಾದು ಹೋಗುವವರೆಗೆ ಕಾದಳು. ಆಮೇಲೆ ಎಡಗೈ ಎತ್ತಿದಳು.

“ನೀನ ಈ ಕಡೆ ಬಾ ಕಾಕಾ,” ಎಂದು ಕೂಗಿದಳು. “ಎರಡೂ ಕಡೆ ನೋಡಿಕೊಂಡ ಬಾ.”