ಹೋಳಿಗೆ ಲೆಕ್ಕದ ಹಳೇ ಫೈಲು

೧
ಈ ಕಥೆಯನ್ನು ಕಂಪ್ಯೂಟರಿನಿಂದ ಶುರು ಮಾಡಲೋ, ಹೋಳಿಗೆಯಿಂದಲೋ? ಕಂಪ್ಯೂಟರ್ ಅಂದರೆ ನೀವು ಎದ್ದು ಹೋಗುತ್ತೀರಿ. ಹೋಳಿಗೆ ಅಂದರೆ ಕೂರುತ್ತೀರಿ. ಸರಿ, ಕೂತುಕೊಳ್ಳಿ.

ಅಡ್ಡಗದ್ದೆಯ ರವಿಶಂಕರ ಭಟ್ಟರು ಮದುವೆ, ಮುಂಜಿಗೆ ಅಡುಗೆ ಮಾಡುವವರು. ಅವರ ಬಳಿ ಒಂದು ಹಳೇ ವರ್ಡ್ ಫೈಲಿದೆ. ಎಷ್ಟು ಎಲೆ ಊಟ ಎಂದು ಬರೆದು ಬಟನ್ ಒತ್ತಿದರೆ ಅಕ್ಕಿ, ಬೆಲ್ಲ, ಹೋಳಿಗೆಯ ಲೆಕ್ಕವನ್ನೆಲ್ಲ ಅದೇ ಹಾಕಿಕೊಡುತ್ತದೆ. ಫೈಲಿನ ಹೊಟ್ಟೆಯೊಳಗೆ ಆ ಕೋಡ್ ಬರೆದಿಟ್ಟವರು ಹೆಂಡತಿ ಅಂಬುಜಾಕ್ಷಿ, ಒಂದು ಕಾಲದಲ್ಲಿ ಕೊಪ್ಪದಲ್ಲಿ ಕಂಪ್ಯೂಟರ್ ಕಲಿಸುತ್ತಿದ್ದವರು.

೨
ಹೊಸ ಲ್ಯಾಪ್‌ಟಾಪ್ ಬಂತು. ಭಟ್ಟರು ಫೈಲನ್ನು ಹೊಸ ನಮೂನೆಯಲ್ಲಿ ಸೇವ್ ಮಾಡಿದರು. ಅಕ್ಷರ ಉಳಿಯಿತು, ಕೋಡ್ ಉದುರಿಹೋಯಿತು. ಬಟನ್ ಒತ್ತಿದರೆ ಕಮಕ್ ಕಿಮಕ್ ಇಲ್ಲ. ಅಂಬುಜಾಕ್ಷಿ ನರಸಿಂಹರಾಜಪುರದ ತಂಗಿಮನೆಗೆ ಹೋಗಿದ್ದರು. ಫೋನ್ ಮಾಡಿದರೆ ಬೈಗುಳ ಗ್ಯಾರಂಟಿ. ಭಟ್ಟರು ಹಳೇ ಫೈಲಿನ ಪ್ರತಿಯನ್ನೂ ಹಿಡಿದು ನೇರ ಕೊಪ್ಪದ ಶ್ರೀರಂಜನಿಯ ಡಿಟಿಪಿ ಅಂಗಡಿಗೆ ಓಡಿದರು.

"ನಾಳಿದ್ದು ಸೀತೂರಲ್ಲಿ ಮುಂಜಿ ಮಾರಾಯ್ತಿ. ಎಂತಾದ್ರೂ ಮಾಡು."

ಅವಳು ಹಳೇ ಕೋಡನ್ನು ತುಂಡು ತುಂಡಾಗಿ ಹೊಸ ಫೈಲಿಗೆ ಸಾಗಿಸಿದಳು. ಕೊನೆಯಲ್ಲೊಂದು ವಿಚಿತ್ರ ಸಾಲಿತ್ತು: ಎಲೆಗೆ ಎರಡರಂತೆ ಹೋಳಿಗೆ ಲೆಕ್ಕ ಮುಗಿದ ಮೇಲೆ, ಸುಮ್ಮನೆ ಇನ್ನೂ ನಾಲ್ಕು ಸೇರಿಸು.

"ಇದೆಂತಕ್ಕೆ ಭಟ್ರೇ?"

"ನಂಗೆಂತ ಗೊತ್ತು?"

ತಪ್ಪಿರಬೇಕೆಂದು ಆ ಸಾಲನ್ನು ಬಿಟ್ಟಳು.

(ಮೊದಲ ಕರಡಿನಲ್ಲಿ ಇಲ್ಲೊಬ್ಬ ಹ್ಯಾಕರ್ ಇದ್ದ. ಸೀತೂರಿಗೆ ಬಸ್ ಸಿಗದೆ ಬಾಳೆಹೊನ್ನೂರಿನಲ್ಲೇ ಉಳಿದುಬಿಟ್ಟ. ಪೀಡೆ ತೊಲಗಿತು.)

೩
ಅಡುಗೆಯವರದು ಯಾವಾಗಲೂ ಕೊನೇ ಪಂಕ್ತಿ. ಸೀತೂರಿನಲ್ಲಿ ಎಲ್ಲರೂ ಉಂಡು, ತೇಗಿ, ಹೊಗಳಿ ಹೋದ ಮೇಲೆ ಭಟ್ಟರು ಎಲೆ ಹಾಕಿಕೊಂಡು ಕೂತರು. ಹೋಳಿಗೆ ಪಾತ್ರೆಯ ಮುಚ್ಚಳ ತೆಗೆದರೆ ಖಾಲಿ.

ಇಷ್ಟು ವರ್ಷ ಕೊನೆಗೆ ಅವರ ಪಾಲಿನದು ಉಳಿದೇ ಇರುತ್ತಿತ್ತು. ಅದು ತಮ್ಮ ಕೈಗುಣವೆಂದೇ ಅವರ ನಂಬಿಕೆ. ಮನೆಗೆ ಬಂದವರೇ ಸೌಟನ್ನು ಅಟ್ಟಕ್ಕೆ ಹಾಕಿದರು.

"ಕೈಗುಣ ಹೋಯ್ತು. ಇನ್ನು ನಾನು ಅಡುಗೆಗೆ ಹೋಗೂದಿಲ್ಲ."

(ಅಷ್ಟು ಜನರ ಊಟದಲ್ಲಿ ನಾಲ್ಕೇ ಹೋಳಿಗೆ ಕರಾರುವಾಕ್ಕಾಗಿ ಉಳಿಯುವುದುಂಟೇ ಎಂದು ಕೇಳಬೇಡಿ. ಕಥೆ ನನ್ನದು.)

೪
ಊರಿಂದ ಬಂದ ಅಂಬುಜಾಕ್ಷಿ ಫೈಲು ತೆರೆದು ನೋಡಿ ಕೊಪ್ಪಕ್ಕೆ ಫೋನ್ ಹಚ್ಚಿದರು.

"ಆ ನಾಲ್ಕು ಎಲ್ಲಿಗೆ ಹೋಯ್ತೇ ಕೂಸೇ?"

"ತಪ್ಪು ಅಂತ ಬಿಟ್ಟೆ, ಅಂಬುಜಕ್ಕ."

"ತಪ್ಪಲ್ವೇ, ಅದು ನಮ್ಮನೆಯವರ ಪಾಲು! ಊರಿಗೆಲ್ಲ ಒತ್ತಾಯ ಮಾಡಿ ಬಡಿಸಿ, ತಾನು ಸಾರನ್ನ ಉಂಡು ಏಳೋ ಜನ. ಕೇಳಿ ಹಾಕಿಸ್ಕೊಳ್ಳೋ ಬಾಯಿಲ್ಲ ಅವರಿಗೆ."

೫
ಮುಕ್ತಾಯ ಒಂದು: ಅಂಬುಜಾಕ್ಷಿ ಗಂಡನಿಗೆ ಎಲ್ಲ ಹೇಳುತ್ತಾರೆ. ಭಟ್ಟರ ಕಣ್ಣು ತುಂಬುತ್ತದೆ.

"ಎಂತ ಬರೀತಿದ್ರಿ ನೀವು?" ಅಂಬುಜಾಕ್ಷಿ ನನ್ನ ಮೇಲೇ ಬಂದರು. "ಹೇಳಿದ್ರೆ ಆ ನಾಲ್ಕನ್ನೂ ಬೇರೆಯವರ ಎಲೆಗೆ ಹಾಕಿ ಬತ್ತಾರೆ. ಅಳಿಸಿ!"

ಅಳಿಸಿದೆ.

ಮುಕ್ತಾಯ ಎರಡು: ಸೌಟು ಅಟ್ಟದಲ್ಲೇ ಉಳಿಯುತ್ತದೆ.

"ಅದನ್ನೂ."

ಅಳಿಸಿದೆ. ಈ ಹೆಂಗಸಿನ ಮುಂದೆ ನನ್ನ ಆಟ ನಡೆಯುವುದಿಲ್ಲ. ನನಗೆ ಇವರೆಂದರೆ ಬಲು ಇಷ್ಟ ಎಂಬುದೂ ನಿಜ.

೬
ಸಾಲು ಫೈಲಿಗೆ ಮರಳಿದೆ. "ಇದೊಂದೇ ಸಲ" ಎಂದು ಹೆಂಡತಿ ಕಾಡಿ ಬೇಡಿ ಸೌಟು ಇಳಿಸಿಕೊಟ್ಟಿದ್ದಾರೆ. ಕೊಪ್ಪದಲ್ಲೊಂದು ಮದುವೆ. ಕೊನೇ ಪಂಕ್ತಿ. ಭಟ್ಟರು ಪಾತ್ರೆಯ ಮುಚ್ಚಳದ ಮೇಲೆ ಕೈಯಿಟ್ಟು ನನ್ನನ್ನೇ ಕೇಳುತ್ತಿದ್ದಾರೆ.

"ನೀವು ಬರೆಯೋರಲ್ವ, ಹೇಳಿ ಮಾರಾಯ್ರೆ, ಉಳಿದಿದ್ಯಾ?"

ಬಾಗಿಲಲ್ಲಿ ನಿಂತ ಅಂಬುಜಾಕ್ಷಿ ನನ್ನತ್ತ ಕಣ್ಣು ಬಿಡುತ್ತಿದ್ದಾರೆ. ನನಗೆ ಗೊತ್ತು, ಈಗ ನಿಮಗೂ ಗೊತ್ತು. ದಮ್ಮಯ್ಯ, ಬಾಯಿ ಬಿಡಬೇಡಿ. ಅವರು ಮುಚ್ಚಳ ತೆಗೆಯುತ್ತಿದ್ದಾರೆ