ಮೂರು ಸಲ ಉಗಿದ ಬ್ರಿಂಜಾ

ಬುಖಾರೆಸ್ಟಿನಲ್ಲಿ ಅಗಾಫಿಯಾ ಅಜ್ಜಿಯ ಬಾಣಂತಿ ಮಗಳು ತಮಾರಾಗೆ ಏನೂ ಸೇರುತ್ತಿರಲಿಲ್ಲ. "ಅಮ್ಮಾ, ನಿನ್ನ ಬ್ರಿಂಜಾ ಒಂದು ಚೂರು ಸಿಕ್ಕಿದ್ರೆ ಗಂಟಲಲ್ಲಿ ಊಟ ಇಳೀತಿತ್ತು," ಎಂದು ಫೋನಿನಲ್ಲಿ ಅತ್ತಿದ್ದಳು. ಕುರಿಹಾಲು ಒಡೆಸಿ, ಹಿಂಡಿ, ಉಪ್ಪುನೀರಲ್ಲಿ ನೆನೆಸಿದ ಆ ಬಿಳಿ ಚೀಸ್ ಗಡ್ಡೆಯನ್ನು ಮೊಲ್ದೋವಾದಿಂದ ಗಡಿ ದಾಟಿಸುವಂತಿಲ್ಲ. ಹಿಂದಿನ ಸಲ ಅಧಿಕಾರಿಗಳು ಕಿತ್ತುಕೊಂಡು, ಕಸಕ್ಕೆ ಹಾಕುತ್ತೇವೆ ಅಂದಿದ್ದರು.

"ಕಸವಂತೆ! ಅವರ ಹೊಟ್ಟೆಗೇ ಕಸದ ಬುಟ್ಟಿ ಅಂತ ಹೆಸರು," ಎಂದು ಅಗಾಫಿಯಾ ಅಜ್ಜಿ ಊರೆಲ್ಲ ಸಾರಿದ್ದಳು.

ಈ ಸಲ ರಾತ್ರಿ ರೈಲಿನಲ್ಲಿ ಎದುರು ಬರ್ತಿಗೆ ಬಂದವಳು ಎಳೆಗೂಸಿನ ತಾಯಿ ಲೂಮಿನಿತ್ಸಾ. ಗಡಿಯ ಉಂಗೇನಿ ನಿಲ್ದಾಣದಲ್ಲಿ, ಆಚೆಯ ಹಳಿಯ ಅಗಲ ಬೇರೆಯೆಂದು, ರೈಲಿನ ಡಬ್ಬಿಗಳನ್ನು ಎತ್ತಿ ಗಾಲಿ ಬದಲಿಸುವಷ್ಟರಲ್ಲಿ ಇಬ್ಬರೂ ಒಂದಾಗಿದ್ದರು. ಕೂಸಿನ ಬುಟ್ಟಿಯಲ್ಲಿ ಕೆಳಗೆ ಬ್ರಿಂಜಾ, ಮೇಲೆ ಕಂಬಳಿ, ಕಂಬಳಿಯ ಮೇಲೆ ಕೂಸು ದಾನು. ಗಡ್ಡೆಗೂ ದೃಷ್ಟಿ ತಾಗದಿರಲಿ ಎಂದು ಅಜ್ಜಿ ಕೂಸಿನ ಕೈಯಲ್ಲಿದ್ದಂಥದೇ ಕೆಂಪು ದಾರ ಕಟ್ಟಿದ್ದಳು.

ಗಡಿಯ ಪ್ರೂತ್ ಹೊಳೆ ದಾಟಿದ ಮೇಲೆ ದಪ್ಪ ಮೀಸೆಯ ಅಧಿಕಾರಿಯೊಬ್ಬ ಬಂದು ಮೂಗರಳಿಸಿದ.

"ಏನಿದು ವಾಸನೆ?"

"ಕೂಸಲ್ವಾ ಸಾಹೇಬ್ರೇ, ಕೆಲಸ ಮುಗಿಸಿದಾನೆ," ಎಂದಳು ಲೂಮಿನಿತ್ಸಾ. "ಕಕ್ಕಸಿಗೆ ಬೀಗ ಹಾಕ್ಸಿ ಕೂತಿದೀರಿ. ಎಲ್ಲಿ ತೊಳೀಲಿ?"

ಅವನು ಮೂಗು ಹಿಡಿದುಕೊಂಡೇ ಬಗ್ಗಿದ. "ಅಬ್ಬಾ, ಎಷ್ಟು ಮುದ್ದಾಗಿದಾನೆ!"

ಅಂದವನು ಮೂಗು ಬಿಟ್ಟು ಮೀಸೆ ತಿರುವಿದ. ಅಜ್ಜಿ ಧಡಕ್ಕನೆ ಎದ್ದಳು. ಕೂಸನ್ನು ಹೊಗಳಿ ಥೂ ಅನ್ನದವನನ್ನು ಅವಳ ಊರಿನ ನಾಯಿಯೂ ನಂಬುವುದಿಲ್ಲ.

"ಉಗಿಯೋ! ಮೂರು ಸಲ ಉಗಿ! ದೃಷ್ಟಿ ಹಾಕಿ ಮೀಸೆ ತಿರುವ್ತೀಯಲ್ಲೋ!"

ಆ ಗದ್ದಲಕ್ಕೆ ದಾನು ಕಿಟಾರನೆ ಕಿರುಚಿದ. ದೃಷ್ಟಿ ತಾಗಿಯೇ ಹೋಯಿತು ಎಂದುಕೊಂಡ ಅಜ್ಜಿ ಎಲ್ಲ ಮರೆತು, ಕಂಬಳಿ ಸಮೇತ ಕೂಸನ್ನು ಬಾಚಿಕೊಂಡು ಅದರ ಹಣೆಗೆ ಥೂ ಥೂ ಥೂ ಎಂದಳು. ಕೂಸಿಲ್ಲದ ಬುಟ್ಟಿಯಲ್ಲಿ ಕೆಂಪು ದಾರ ಕಟ್ಟಿಕೊಂಡ ಬ್ರಿಂಜಾ ಮದುವಣಗಿತ್ತಿಯ ಹಾಗೆ ಬೆಳ್ಳಗೆ ಕೂತಿತ್ತು.

"ಇವನು ಯಾರಜ್ಜಿ, ಅವಳಿ ತಮ್ಮನಾ?" ಎಂದ ಅಧಿಕಾರಿ. "ಪಾಸ್‌ಪೋರ್ಟ್ ಎಲ್ಲಿ?" ಆಮೇಲೆ ಕೈ ಚಾಚಿ, "ಬಲು ಚೆನ್ನಾಗಿದೆ ಕಣಜ್ಜಿ. ಕಸಕ್ಕೆ ಹಾಕೋಕೆ ಸಂಕಟ ಆಗುತ್ತೆ," ಎಂದ. ಅವನ ಗಂಟಲು ಗುಟುಕ್ಕೆಂದದ್ದನ್ನು ಅಜ್ಜಿ ನೋಡಿಬಿಟ್ಟಳು.

"ಇದನ್ನೂ ಹೊಗಳಿಬಿಟ್ಯಾ? ಹಾಗಾದ್ರೆ ಇದಕ್ಕೂ ಉಗೀಬೇಕು."

ಕೂಸಿಗೆ ಮಾಡುವ ಒಣ ಥೂ ಅಲ್ಲ. ಹಲ್ಲಿಲ್ಲದ ಬಾಯಿ ತುಂಬ ಎಂಜಲು ಕೂಡಿಸಿಕೊಂಡು ಬ್ರಿಂಜಾದ ನೆತ್ತಿಗೆ ಮೂರು ಸಲ ಉಗಿದಳು.

"ತಗೋ ಮಗಾ. ಕಸಕ್ಕೆ ತಾನೇ?"

ಚಾಚಿದ ಕೈ ಹಿಂದೆ ಹೋಯಿತು. "ಥೂ!" ಎಂದವನೇ ಬಾಗಿಲು ಧಡಾರನೆ ಎಳೆದುಕೊಂಡು ನಡೆದ.

"ಅಂತೂ ಉಗಿದ," ಎಂದಳು ಲೂಮಿನಿತ್ಸಾ. ನಕ್ಕು ನಕ್ಕು ಸುಸ್ತಾದ ಮೇಲೆ ಕೇಳಿದಳು: "ಇದನ್ನ ಮಗಳಿಗೆ ಹೇಗೆ ಕೊಡ್ತೀಯಜ್ಜಿ?"

"ಅವಳಿಗೆ ಹಲ್ಲು ಬರೋ ತನಕ ರೊಟ್ಟಿ ಅಗಿದು ಬಾಯಿಗಿಟ್ಟೋಳು ನಾನು. ನನ್ನ ಎಂಜಲು ಅವಳಿಗೆ ಹೊಸದಾ?"

ಅಜ್ಜಿ ಸೆರಗಿನಂಥ ತಲೆವಸ್ತ್ರದ ತುದಿಯಿಂದ ಬ್ರಿಂಜಾದ ನೆತ್ತಿ ಒರೆಸಿ, ಕಂಬಳಿ ಹೊದೆಸಿ, ನಿದ್ದೆ ಹತ್ತಿದ ದಾನುವನ್ನು ಮೆಲ್ಲಗೆ ಅದರ ಮೇಲೆ ಮಲಗಿಸಿದಳು.