ವಾರಗಿತ್ತಿಯ ದನಿ

ಚೌಳಹಿರಿಯೂರಿನಲ್ಲಿ ಯಾರ ಮನೆ ಮದುವೆಯಾದರೂ ಸೋಬಾನೆ ಹಾಡಲು ತಿಪ್ಪಮ್ಮನನ್ನೇ ಕರೆಯುತ್ತಿದ್ದರು. ಮೈದುನನ ಹೆಂಡತಿಯಾಗಿ ಮಾಯಾ ಬಂದ ಮೇಲೆ ಜನ ಮಾಯಾಳನ್ನೇ ಕರೆಯತೊಡಗಿದರು. ಮಾಯಾ ಹಾಡು ಎತ್ತಿದರೆ ಒಲೆ ಮುಂದಿದ್ದವರೂ ಸೌಟು ಹಿಡಿದುಕೊಂಡೇ ಹೊರಗೆ ಬಂದು ನಿಲ್ಲುತ್ತಿದ್ದರು. ತಿಪ್ಪಮ್ಮನ ಹೊಟ್ಟೆ ಉರಿಯುತ್ತಿತ್ತು. “ಎಲ್ಲಾ ನಾನೇ ಕಲಿಸಿದ್ದು” ಅಂತ ಊರೆಲ್ಲ ಸುಳ್ಳು ಹೇಳಿಕೊಂಡು ಬಂದಳು. ಆ ಗಂಟಲು ಬಿದ್ದುಹೋಗಲಿ ಅಂತ ಒಳಗೊಳಗೇ ಶಪಿಸಿದ್ದೂ ಉಂಟು.

ಹೋದ ವರ್ಷ ಮಾಯಾಳ ಗಂಟಲಲ್ಲಿ ಗಡ್ಡೆ ಕಾಣಿಸಿತು. ಆಪರೇಷನ್ ಆಗಿ ಜೀವ ಉಳಿಯಿತು. ದನಿ ಮಾತ್ರ ಪಿಸುಮಾತಿಗೆ ಇಳಿಯಿತು.

ಈ ಮಾಘದಲ್ಲಿ ಪಕ್ಕದ ಮನೆಯ ಮದುವೆಗೆ ತಿಪ್ಪಮ್ಮನಿಗೆ ಮತ್ತೆ ಕರೆ ಬಂತು. ಹೆಣ್ಣನ್ನು ಹಸೆಗೆ ಕರೆಯುವ ಹಾಡು ಹಾಡಿದಳು. ಎದುರಿಗೆ ಕೂತಿದ್ದ ಮಾಯಾಳ ತುಟಿಗಳು ಸದ್ದಿಲ್ಲದೆ ಅದೇ ಹಾಡಿಗೆ ಅಲ್ಲಾಡುತ್ತಿದ್ದವು. ಅದನ್ನು ನೋಡಿ ತಿಪ್ಪಮ್ಮನಿಗೆ ಒಂದು ಸಾಲು ತಪ್ಪಿತು. ಹೇಗೋ ಮುಗಿಸಿದಳು. ಜನ ಹೊಗಳಿದರು. ಎಷ್ಟೋ ವರ್ಷ ಬಯಸಿದ್ದ ಆ ಹೊಗಳಿಕೆ ಈಗ ಅವಳಿಗೆ ಬೇಡವಾಗಿತ್ತು.

ಊಟಕ್ಕೆ ಮಾಯಾಳ ಪಕ್ಕದಲ್ಲೇ ಕೂತು ಹೇಳಿದಳು: “ನಿನ್ನಂಗೆ ಹಾಡೋಕೆ ನಂಗೆ ಯಾವತ್ತೂ ಬರ್ಲಿಲ್ಲ ಕಣೇ. ನಿನ್ನ ಕಂಡ್ರೆ ಹೊಟ್ಟೆ ಉರೀತಿತ್ತು. ಈಗ ಇಲ್ಲ.”

ಮಾಯಾ ಎಲೆ ಮೇಲಿನ ಅನ್ನವನ್ನು ಬೆರಳಲ್ಲಿ ಒಂದು ಕಡೆಗೆ ಸರಿಸಿದಳು.

“ಈಗ ಉರ್ಕೊಳ್ಳೋಕೆ ಏನೈತಕ್ಕಾ?” ಅಂದಳು. ಅಷ್ಟು ಹೇಳುವುದಕ್ಕೂ ಅವಳಿಗೆ ಉಸಿರು ಸಾಲಲಿಲ್ಲ.

ತಿಪ್ಪಮ್ಮನ ಹೊಟ್ಟೆಕಿಚ್ಚು ನಿಜವಾಗಿಯೂ ಹೋಗಿತ್ತು. ಮಾಯಾ ಅದನ್ನು ನಂಬಲಿಲ್ಲ.